ಅಂಕಿ ಕಲಿಸಬಹುದು, ಅಕ್ಷರ ಕೂಡದು

"ತಾತ, ಲೆಕ್ಕ ಹೇಳಿಕೊಡಬಹುದಂತೆ. ಓದೋಕೆ, ಬರೆಯೋಕೆ ಮಾತ್ರ ಹೇಳಿಕೊಡಬಾರದಂತೆ. ಇದೆಂಥ ಕಾನೂನು?"

ಡಲ್ಲಾಸ್ ಹತ್ತಿರದ ಮಗಳ ಮನೆ. ಸಾರಿನ ಪಾತ್ರೆ, ಉಪ್ಪಿನಕಾಯಿ ಜಾಡಿಯನ್ನೆಲ್ಲ ಊಟದ ಮೇಜಿನ ಒಂದು ಮೂಲೆಗೆ ಸರಿಸಿ ಮೊಮ್ಮಗಳು ಹೋಂವರ್ಕಿಗೆ ಕೂತಿದ್ದಳು. ಎಂಟನೇ ಕ್ಲಾಸು. ಟೆಕ್ಸಾಸಿನಲ್ಲಿ ಆ ತರಗತಿಗೆ ಅಮೆರಿಕದ ಇತಿಹಾಸ, 1877ರವರೆಗೆ. ಟೀಚರು ಒಂದು ಹಾಳೆ ಕೊಟ್ಟು ಕಳಿಸಿದ್ದರು. ಮೇಲೆ ಹಳೆಯ ಕಾನೂನೊಂದರ ಮೂಲ ಪಠ್ಯ, ಕೆಳಗೆ ಎರಡು ಕಾಲಂ. ಎಡಗಡೆ: ಇದು ಏನನ್ನು ನಿಷೇಧಿಸಿತು? ಬಲಗಡೆ: ಯಾರ, ಯಾವ ಹಕ್ಕು ಹೋಯಿತು? ಅಷ್ಟೇ. ಸಾರಾಂಶವಿಲ್ಲ, ಬಿಟ್ಟ ಸ್ಥಳ ತುಂಬುವುದಿಲ್ಲ.

ಕಾನೂನು ನಾರ್ತ್ ಕೆರೊಲಿನಾ ರಾಜ್ಯದ್ದು, 1830ರದು. ಗುಲಾಮರಿಗೆ ಯಾರೂ ಓದು ಬರಹ ಕಲಿಸಕೂಡದು ಎನ್ನುತ್ತದೆ. ಹಾಗೆನ್ನುವಾಗಲೇ ನಡುವೆ ಒಂದು ತುಣುಕು: ಅಂಕಿಗಳ ಬಳಕೆಯ ಹೊರತು. ಹುಡುಗಿಯ ಪೆನ್ಸಿಲ್ ಅಲ್ಲೇ ನಿಂತಿತ್ತು.

ನನಗೆ ಸ್ವಲ್ಪ ನಾಚಿಕೆಯೇ ಆಯಿತು. ತಿಪಟೂರು ಸೀಮೆಯ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಮಾಡಿ ನಿವೃತ್ತನಾದವನು ನಾನು. ಮೂಲಭೂತ ಹಕ್ಕುಗಳು ಆರು ಎಂದು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು, ನೋಟ್ಸು ಬರೆಸಿ, ಪರೀಕ್ಷೆಗೆ ನಾಲ್ಕು ಅಂಕ ಗ್ಯಾರಂಟಿ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ನಮ್ಮ ಸಂವಿಧಾನದ 19ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ಸಿಕ್ಕಿರುವುದು ಅರ್ಧ ಸಾಲು. ಅದರ ಮೇಲಿನ ನಿರ್ಬಂಧಗಳಿಗೆ ಅದರ ಹತ್ತು ಪಟ್ಟು ಜಾಗ. ಆ ನಿರ್ಬಂಧದ ಸಾಲುಗಳನ್ನು ಮಕ್ಕಳಿಂದ ಒಂದು ದಿನವಾದರೂ ಗಟ್ಟಿಯಾಗಿ ಓದಿಸಿದ ನೆನಪು ನನಗಿಲ್ಲ. ಇಲ್ಲಿ ಹದಿಮೂರರ ಹುಡುಗಿ, ಕಾನೂನಿನ ಹೊಲಿಗೆ ಎಲ್ಲಿ ಬಿಟ್ಟಿದೆಯೋ ಅಲ್ಲಿಗೇ ಬೆರಳು ಇಟ್ಟಿದ್ದಳು.

ಅಂಕಿ ಯಾಕೆ ಬಿಟ್ಟರು? ಗುಲಾಮ ಎಂದರೆ ಹತ್ತಿ ಬಿಡಿಸುವವನು ಮಾತ್ರ ಅಲ್ಲ. ಬಡಗಿ, ಕಮ್ಮಾರ, ಪೀಪಾಯಿ ಕಟ್ಟುವವನು, ದೋಣಿ ನಡೆಸುವವನು, ಸಂತೆಗೆ ಸಾಮಾನು ಒಯ್ದು ದುಡ್ಡು ಎಣಿಸಿ ತರುವವನು, ಎಲ್ಲ ಕೆಲಸಕ್ಕೂ ಅವರೇ. ಅಡಿ, ಅಂಗುಲ, ತೂಕ, ಚಿಲ್ಲರೆ ತಿಳಿಯದಿದ್ದರೆ ನಷ್ಟ ಯಜಮಾನನಿಗೆ. ಲೆಕ್ಕ ಬರುವ ಗುಲಾಮ ಬೇಕು, ಓದು ಬರುವ ಗುಲಾಮ ಬೇಡ. ಬೇಡದ್ದಕ್ಕೆ ಕಾರಣವನ್ನೂ ಅವರು ಮುಚ್ಚಿಡಲಿಲ್ಲ, ಪೀಠಿಕೆಯಲ್ಲೇ ಬರೆದಿದ್ದಾರೆ: ಓದು ಬರಹ ಕಲಿತರೆ ಗುಲಾಮರ ಮನಸ್ಸಿನಲ್ಲಿ ಅತೃಪ್ತಿ ಹುಟ್ಟುತ್ತದೆ, ಅದು ದಂಗೆಗೆ ದಾರಿ.

ಆ ಭಯಕ್ಕೆ ಹಿಂದಿನ ವರ್ಷವೇ ಕಿಡಿ ಬಿದ್ದಿತ್ತು. ಅದೇ ರಾಜ್ಯದ ವಿಲ್ಮಿಂಗ್ಟನ್ ಬಂದರಿನಲ್ಲಿ ಹುಟ್ಟಿದ ಡೇವಿಡ್ ವಾಕರ್ ಎಂಬ ಸ್ವತಂತ್ರ ಕರಿಯ, ದೂರದ ಬಾಸ್ಟನ್ನಿನಲ್ಲಿ ಹಳೇ ಬಟ್ಟೆಯ ಅಂಗಡಿ ಇಟ್ಟುಕೊಂಡಿದ್ದ. 1829ರಲ್ಲಿ ಅವನು ಗುಲಾಮಗಿರಿಯ ವಿರುದ್ಧ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದ. ನಾವಿಕರ ಕೈಯಲ್ಲಿ ಅದು ದಕ್ಷಿಣದ ಬಂದರುಗಳಿಗೆ ಬಂತು. ಅವನು ಮಾರುತ್ತಿದ್ದ ಕೋಟುಗಳ ಒಳಪದರದಲ್ಲಿ ಹೊಲಿದು ಕಳಿಸುತ್ತಿದ್ದ ಎಂದೂ ಹೇಳುತ್ತಾರೆ. ಹೊತ್ತಗೆಯನ್ನು ಎಷ್ಟೆಂದು ಜಪ್ತಿ ಮಾಡುತ್ತಾರೆ? ಓದುವ ಕಣ್ಣನ್ನೇ ತಡೆಯೋಣ ಎಂದುಕೊಂಡರು.

ಶಿಕ್ಷೆಯ ಸಾಲುಗಳಿಗೆ ಬಂದಾಗ ಹುಡುಗಿಯ ಮುಖ ಬಾಡಿತು. ಒಂದೇ ತಪ್ಪಿಗೆ ಮೂರು ದರ. ಕಲಿಸಿದವರು ಬಿಳಿಯರಾದರೆ ನೂರರಿಂದ ಇನ್ನೂರು ಡಾಲರ್ ದಂಡ, ಇಲ್ಲವೇ ಜೈಲು. ಸ್ವತಂತ್ರ ಕರಿಯರಾದರೆ ದಂಡ, ಜೈಲು ಅಥವಾ ಇಪ್ಪತ್ತರಿಂದ ಮೂವತ್ತೊಂಬತ್ತು ಛಡಿಯೇಟು. ಒಬ್ಬ ಗುಲಾಮ ಇನ್ನೊಬ್ಬ ಗುಲಾಮನಿಗೆ ಕಲಿಸಿದರೆ ಬರಿಬೆನ್ನಿಗೆ ಮೂವತ್ತೊಂಬತ್ತು. ಅಲ್ಲಿ 'ಅಥವಾ' ಇಲ್ಲ.

ಹೀಗೆ ಕಾನೂನಿನ 'ಹೊರತು'ಗಳನ್ನು ಹುಡುಕುವುದೇ ಆ ಸಂಜೆ ನಮ್ಮಿಬ್ಬರ ಆಟವಾಯಿತು. ಕಾನೂನು ಏನನ್ನು ತಡೆಯಿತು ಎನ್ನುವುದು ಓದಿದ ಕೂಡಲೇ ತಿಳಿಯುತ್ತದೆ. ಏನನ್ನು ಬಿಟ್ಟುಕೊಟ್ಟಿತು ಎಂದು ನೋಡಿದಾಗಲೇ, ಬರೆದವನ ಹೊಟ್ಟೆಯೊಳಗೆ ಇದ್ದದ್ದೇನು ಎಂದು ತಿಳಿಯುವುದು.

ಸೌತ್ ಕೆರೊಲಿನಾದ 1740ರ ಕಾನೂನನ್ನು ನೋಡಿ. ಹಿಂದಿನ ವರ್ಷ ಸ್ಟೋನೊ ನದಿಯ ಬಳಿ ಗುಲಾಮರು ದಂಗೆ ಎದ್ದಿದ್ದರು. ಅದಾದ ಮೇಲೆ ಬಂದ ಕಾನೂನು ಗುಲಾಮರಿಗೆ ಬರೆಯಲು ಕಲಿಸುವುದನ್ನು ನಿಷೇಧಿಸಿತು, ನೂರು ಪೌಂಡ್ ದಂಡ. ಓದುವುದರ ಬಗ್ಗೆ ಅದರಲ್ಲಿ ಚಕಾರವಿಲ್ಲ! ಓದು ಬಂದರೆ ಬೈಬಲ್ ಓದುತ್ತಾನೆ, ಯಜಮಾನನಿಗೆ ವಿಧೇಯನಾಗಿರು ಎಂಬ ಸಾಲು ಓದುತ್ತಾನೆ ಎಂಬ ಲೆಕ್ಕಾಚಾರ. ಬರಹ ಬಂದರೆ ಯಜಮಾನನ ಹೆಸರಿನಲ್ಲಿ ತಾನೇ ರಹದಾರಿ ಚೀಟಿ ಗೀಚಿಕೊಂಡು ಊರು ದಾಟಿಬಿಡುತ್ತಾನೆ. ಓದೂ ಅಪಾಯ ಎಂದು ಆ ರಾಜ್ಯಕ್ಕೆ ಖಚಿತವಾಗಿ ಅದನ್ನೂ ಕಾನೂನಿಗೆ ಸೇರಿಸಿದ್ದು 1834ರಲ್ಲಿ.

ವರ್ಜೀನಿಯಾದ ಕಥೆ ಇನ್ನೂ ವಿಚಿತ್ರ. ನಾರ್ಫೋಕ್ ಎಂಬ ಬಂದರು ಊರಿನಲ್ಲಿ ಮಾರ್ಗರೆಟ್ ಡಗ್ಲಸ್ ಎಂಬ ಬಿಳಿಯ ಹೆಂಗಸು, ಹೊಲಿಗೆ ಮಾಡಿಕೊಂಡು, ಮಗಳ ಜೊತೆ ಇದ್ದಳು. ಗುಲಾಮಗಿರಿಯ ವಿರೋಧಿಯೇನೂ ಅಲ್ಲ. ಒಂದು ಕಾಲಕ್ಕೆ ತಾನೇ ಗುಲಾಮರನ್ನು ಇಟ್ಟುಕೊಂಡಿದ್ದವಳು. 1852ರಲ್ಲಿ ತಾಯಿ ಮಗಳು ಮನೆಯಲ್ಲೇ ಸ್ವತಂತ್ರ ಕರಿಯರ ಮಕ್ಕಳಿಗೆ ಓದು ಹೇಳಿಕೊಡಲು ಶುರು ಮಾಡಿದರು. ಸುಮಾರು ಇಪ್ಪತ್ತೈದು ಮಕ್ಕಳು. ಮರುವರ್ಷ ಮೇ ತಿಂಗಳ ಒಂದು ಬೆಳಿಗ್ಗೆ ಪೊಲೀಸರು ಬಾಗಿಲು ಬಡಿದರು. ಅಷ್ಟೂ ಮಕ್ಕಳನ್ನು, ಕಲಿಸುತ್ತಿದ್ದವರನ್ನು ಮೇಯರ್ ಮುಂದೆ ನಿಲ್ಲಿಸಿದರು. ಮಕ್ಕಳು ಗುಲಾಮರಲ್ಲ, ಸ್ವತಂತ್ರರು, ಆದ್ದರಿಂದ ತಪ್ಪಿಲ್ಲ ಎಂದುಕೊಂಡಿದ್ದಳು ಆಕೆ. ಆದರೆ ವರ್ಜೀನಿಯಾ 1831ರಲ್ಲೇ, ಓದು ಬರಹಕ್ಕಾಗಿ ಸ್ವತಂತ್ರ ಕರಿಯರು ಒಂದೆಡೆ ಸೇರುವುದನ್ನೂ ಅಕ್ರಮ ಕೂಟ ಎಂದು ಸಾರಿಬಿಟ್ಟಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಅಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮನ ಮುಂದಾಳತ್ವದಲ್ಲಿ ನಡೆದ ದಂಗೆಗೆ ಹೆದರಿ ತಂದ ಕಾನೂನು ಎಂದು ಹಲವರು ಬರೆಯುತ್ತಾರೆ. ಕಾನೂನು ಬಂದದ್ದು ಏಪ್ರಿಲಿನಲ್ಲಿ, ದಂಗೆಗೆ ನಾಲ್ಕು ತಿಂಗಳು ಮುಂಚೆ. ಹೆದರಿಕೆಗೆ ದಂಗೆಯೇ ಬೇಕಿರಲಿಲ್ಲ.

ಡಗ್ಲಸ್ ವಕೀಲರನ್ನು ಇಟ್ಟುಕೊಳ್ಳದೆ ತಾನೇ ವಾದಿಸಿದಳು. ಊರಿನ ದೊಡ್ಡ ಮನೆತನದವರನ್ನೇ ಸಾಕ್ಷಿಗೆ ಕರೆದಳು. ನಿಮ್ಮ ಚರ್ಚಿನ ಭಾನುವಾರದ ಶಾಲೆಯಲ್ಲಿ ಇದೇ ಕರಿಯ ಮಕ್ಕಳಿಗೆ ಪುಸ್ತಕ ಹಿಡಿದು ಪಾಠ ನಡೆಯುವುದಿಲ್ಲವೇ, ಅದನ್ನು ನೋಡಿಯಲ್ಲವೇ ನಾನು ಶುರು ಮಾಡಿದ್ದು, ಎಂದು ಕೇಳಿದಳು. ಕಾನೂನಿನಲ್ಲಿ ಬರೆಯದಿದ್ದ 'ಹೊರತು' ಅದು: ದೊಡ್ಡವರ ಹೊರತು. ಜ್ಯೂರಿ ತಪ್ಪಿತಸ್ಥಳೆಂದು ಹೇಳಿ ಒಂದೇ ಒಂದು ಡಾಲರ್ ದಂಡ ಹಾಕಿತು. ನ್ಯಾಯಾಧೀಶನಿಗೆ ಸಾಲದೆನಿಸಿತು. 1854ರ ಜನವರಿಯಲ್ಲಿ ಒಂದು ತಿಂಗಳ ಸಜೆ ಬರೆದ.

ಗುಲಾಮನಾಗಿ ಹುಟ್ಟಿ, ಮುಂದೆ ಗುಲಾಮಗಿರಿಯ ವಿರುದ್ಧ ದನಿ ಎತ್ತಿದ ಫ್ರೆಡರಿಕ್ ಡಗ್ಲಸ್ ಕಥೆ ಮೊಮ್ಮಗಳಿಗೆ ಆಗಲೇ ಗೊತ್ತಿತ್ತು. (ಆ ಡಗ್ಲಸ್‌ಗೂ ಈ ಡಗ್ಲಸ್‌ಗೂ ಸಂಬಂಧವಿಲ್ಲ.) ಬಾಲ್ಟಿಮೋರಿನ ಯಜಮಾನಿ ಅಕ್ಷರ ಕಲಿಸುತ್ತಿದ್ದಾಗ ಯಜಮಾನ ಬಂದು, ಗುಲಾಮನಿಗೆ ಓದು ಕಲಿಸುವುದು ಕಾನೂನಿಗೆ ವಿರುದ್ಧ ಎಂದು ತಡೆದ. ಹುಡುಗ ರೊಟ್ಟಿ ಚೂರು ಕೊಟ್ಟು ಬೀದಿಯ ಬಿಳಿ ಹುಡುಗರಿಂದ ಪಾಠ ಹೇಳಿಸಿಕೊಂಡ. ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ನಾನು ಸೇರಿಸಿದೆ: ಬಾಲ್ಟಿಮೋರ್ ಇರುವ ಮೇರಿಲ್ಯಾಂಡಿನಲ್ಲಿ ಅಂಥ ಕಾನೂನೇ ಇರಲಿಲ್ಲ. ಇಲ್ಲದ ನಿಷೇಧವೂ ಇದ್ದಂತೆಯೇ ಕೆಲಸ ಮಾಡಿತ್ತು. ಜಾರ್ಜಿಯಾದಲ್ಲಂತೂ ನಿಷೇಧ ಇದ್ದೇ ಇತ್ತು. ಅಲ್ಲಿನ ಸವಾನಾ ಊರಿನಲ್ಲಿ ಗುಲಾಮಳಾಗಿ ಬೆಳೆದ ಸೂಸಿ ಕಿಂಗ್ ಟೇಲರ್, ಪೊಲೀಸರಿಗೆ ಕಾಣದ ಹಾಗೆ ಪುಸ್ತಕಕ್ಕೆ ಕಾಗದ ಸುತ್ತಿಕೊಂಡು ಶಾಲೆಗೆ ಹೋಗುತ್ತಿದ್ದುದನ್ನು ಬರೆದಿದ್ದಾಳೆ. ಮಕ್ಕಳು ಗುಂಪಾಗಿ ಅಲ್ಲ, ಒಬ್ಬೊಬ್ಬರಾಗಿ ಒಳಹೋಗಬೇಕು. ಮುಂದೆ ಆಕೆಯೇ ಅಂತರ್ಯುದ್ಧದಲ್ಲಿ ಕರಿಯ ಸೈನಿಕರಿಗೆ ಅಕ್ಷರ ಕಲಿಸಿದಳು.

"ನಾನೂ ಹೀಗೆ ಕದ್ದು ಹೋಗಬೇಕು ಅಂತಿದ್ದಿದ್ದರೆ ಕನ್ನಡ ಕ್ಲಾಸಿಗೆ ಖುಷಿಯಾಗಿ ಹೋಗ್ತಿದ್ದೆನೋ ಏನೋ" ಎಂದಳು ಹುಡುಗಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕನ್ನಡ ಕ್ಲಾಸು. ಜೊತೆಯವರೆಲ್ಲ ಸಾಕರ್ ಆಡಲು ಹೋದರೆ ಇವಳು ಒತ್ತಕ್ಷರ ತಿದ್ದಬೇಕು. ಅವಳ ಸಂಕಟ ಸುಳ್ಳಲ್ಲ. ಆದರೆ ಮಾತು ತಮಾಷೆಗೆ ಬಂದರೂ ನನಗೆ ನೆಬ್ರಾಸ್ಕಾ ನೆನಪಾಯಿತು.

1917ರಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕೆ ಇಳಿಯಿತು. ಮಧ್ಯದ ರಾಜ್ಯಗಳ ತುಂಬ ಜರ್ಮನ್ ಮೂಲದ ರೈತರು. ಮನೆಯಲ್ಲಿ ಜರ್ಮನ್, ಚರ್ಚಿನಲ್ಲಿ ಜರ್ಮನ್, ಚರ್ಚಿನ ಪಕ್ಕದ ಶಾಲೆಯಲ್ಲೂ ಜರ್ಮನ್. ಇದ್ದಕ್ಕಿದ್ದಂತೆ ಅದು ಶತ್ರುವಿನ ಭಾಷೆಯಾಯಿತು. ಹುಳಿ ಬರಿಸಿದ ಎಲೆಕೋಸಿನ ಜರ್ಮನ್ ಹೆಸರು ಅಳಿಸಿ 'ಲಿಬರ್ಟಿ ಕ್ಯಾಬೇಜ್' ಎಂದು ಕರೆದರು. ಇದು ನಗುವ ಮಾತು. ಇಲಿನಾಯ್ ರಾಜ್ಯದ ಕಾಲಿನ್ಸ್‌ವಿಲ್‌ನಲ್ಲಿ ರಾಬರ್ಟ್ ಪ್ರೇಗರ್ ಎಂಬ ಜರ್ಮನ್ ವಲಸಿಗನನ್ನು 1918ರ ಏಪ್ರಿಲಿನಲ್ಲಿ ಜನ ಮರಕ್ಕೆ ನೇಣು ಹಾಕಿದರು. ಇದು ನಗುವ ಮಾತಲ್ಲ. ಮರುತಿಂಗಳು ಅಯೋವಾದ ಗವರ್ನರ್ ಹಾರ್ಡಿಂಗ್, ಶಾಲೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಚರ್ಚಿನ ಉಪದೇಶದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದು ಎಂದು ಘೋಷಿಸಿದ. ಅದರಲ್ಲೂ ಒಂದು ರಿಯಾಯಿತಿ: ಇಂಗ್ಲಿಷ್ ಬಾರದವರು ಮನೆಯೊಳಗೆ ಪ್ರಾರ್ಥನೆ ಮಾಡಿಕೊಳ್ಳಬಹುದು.

ಯುದ್ಧ ಮುಗಿದರೂ ಬಿಸಿ ಆರಲಿಲ್ಲ. 1919ರ ಏಪ್ರಿಲಿನಲ್ಲಿ ನೆಬ್ರಾಸ್ಕಾ ರಾಜ್ಯ, ಎಂಟನೇ ತರಗತಿ ಮುಗಿಸದ ಯಾವ ಮಗುವಿಗೂ ಇಂಗ್ಲಿಷ್ ಹೊರತು ಬೇರೆ ಭಾಷೆ ಕಲಿಸಕೂಡದು ಎಂದು ಕಾನೂನು ಮಾಡಿತು. ಸರ್ಕಾರಿ ಶಾಲೆಗೂ ಅದೇ, ಖಾಸಗಿಗೂ ಅದೇ. ಲ್ಯಾಟಿನ್, ಗ್ರೀಕ್, ಹೀಬ್ರೂ ಇದಕ್ಕೆ ಸೇರುವುದಿಲ್ಲ ಎಂದು ಆ ರಾಜ್ಯದ ಕೋರ್ಟು ಆಮೇಲೆ ಹೇಳಿತು. ಸತ್ತ ಭಾಷೆ ಕಲಿಯಬಹುದು. ಅಪ್ಪ ಅಮ್ಮ ಅಡುಗೆಮನೆಯಲ್ಲಿ ಆಡುವ ಭಾಷೆ ಕಲಿಯಬಾರದು!

ಹ್ಯಾಂಪ್ಟನ್ ಎಂಬ ಸಣ್ಣ ಊರಿನ ಬಳಿ ಜಯನ್ ಲೂಥರನ್ ಚರ್ಚಿನ ಶಾಲೆ. ಮೇಷ್ಟ್ರ ಹೆಸರು ರಾಬರ್ಟ್ ಮೇಯರ್. ಕಾನೂನಿಗೆ ಸಿಗದಿರಲೆಂದು ಅವರು ಮಧ್ಯಾಹ್ನದ ಬಿಡುವನ್ನೇ ಅರ್ಧ ಗಂಟೆ ಹಿಗ್ಗಿಸಿ, ಶಾಲೆಯ ವೇಳೆಯಲ್ಲ ಇದು ಎಂದು ಹೇಳಿಕೊಂಡು, ಒಂದರಿಂದ ಒಂದೂವರೆವರೆಗೆ ಜರ್ಮನ್ ಹೇಳಿಕೊಡುತ್ತಿದ್ದರು. 1920ರ ಮೇ 25ರಂದು ಹತ್ತು ವರ್ಷದ ಹುಡುಗನೊಬ್ಬ ಬೈಬಲ್ ಕಥೆಗಳ ಪುಸ್ತಕ ಹಿಡಿದು ಜರ್ಮನ್‌ನಲ್ಲಿ ಓದುತ್ತಿದ್ದ. ಬಾಗಿಲಲ್ಲಿ ಕೌಂಟಿಯ ಸರ್ಕಾರಿ ವಕೀಲ ಕಾಣಿಸಿಕೊಂಡ. ಆ ಗಳಿಗೆ ಮೇಯರ್ ಇಂಗ್ಲಿಷಿಗೆ ಹೊರಳಿದ್ದರೆ ಕೇಸೇ ಇಲ್ಲ. ಹೊರಳಲಿಲ್ಲ. ಪಾಠ ಜರ್ಮನ್‌ನಲ್ಲೇ ಮುಂದುವರಿಯಿತು. ಕಾನೂನು ಹೇಳಿದ ಕನಿಷ್ಠ ದಂಡ, ಇಪ್ಪತ್ತೈದು ಡಾಲರ್ ಬಿತ್ತು. ಅವರು ಕಟ್ಟಲಿಲ್ಲ, ಮೇಲ್ಮನವಿಗೆ ಹೋದರು.

ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸೋಲು. ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನಲ್ಲಿ, 1923ರ ಜೂನ್ 4ರಂದು, ಏಳು ಎರಡರ ಗೆಲುವು. ಮಗುವಿಗೆ ಏನು ಕಲಿಸಬೇಕೆಂದು ಆರಿಸುವ ತಂದೆ ತಾಯಿಯ ಸ್ವಾತಂತ್ರ್ಯ, ಕಲಿಸುವ ಮೇಷ್ಟ್ರ ಸ್ವಾತಂತ್ರ್ಯ ಎರಡೂ ಸಂವಿಧಾನದ 14ನೇ ತಿದ್ದುಪಡಿಯ 'ಸ್ವಾತಂತ್ರ್ಯ' ಎಂಬ ಪದದೊಳಗೆ ಬರುತ್ತವೆ ಎಂದಿತು ಕೋರ್ಟು.

ಇಲ್ಲಿ ಹುಡುಗಿಯ ಹಾಳೆಗೆ ವಾಪಸ್ ಬರಬೇಕಾಯಿತು. ಆ 14ನೇ ತಿದ್ದುಪಡಿ ಬಂದದ್ದು 1868ರಲ್ಲಿ, ಅಂತರ್ಯುದ್ಧದ ನಂತರ, ಬಿಡುಗಡೆಯಾದ ಗುಲಾಮರನ್ನು ನಾಗರಿಕರೆಂದು ಒಪ್ಪುವುದಕ್ಕೆ. ಅಕ್ಷರ ಕಲಿತದ್ದಕ್ಕೆ ಛಡಿಯೇಟು ತಿಂದವರಿಗಾಗಿ ಬರೆದ ಪದ, ಐವತ್ತೈದು ವರ್ಷದ ಮೇಲೆ ಒಬ್ಬ ಜರ್ಮನ್ ಮೇಷ್ಟ್ರನ್ನು ಕಾಯಿತು. ತಾರೀಖು ಉರು ಹೊಡೆಸುವ ಪಾಠದಲ್ಲಿ ಈ ಎರಡು ಕಥೆಗಳು ಒಂದಕ್ಕೊಂದು ಮುಖ ನೋಡುವುದೇ ಇಲ್ಲ. ಎರಡು ಬೇರೆ ಘಟಕ, ಎರಡು ಬೇರೆ ಪರೀಕ್ಷೆ.

ತೀರ್ಪು ಬರೆದವರು ದೊಡ್ಡ ಮನಸ್ಸಿನವರು ಎಂದುಕೊಳ್ಳಬೇಡಿ. ನ್ಯಾಯಮೂರ್ತಿ ಮೆಕ್‌ರೆನಾಲ್ಡ್ಸ್ ಯಹೂದಿ ದ್ವೇಷಕ್ಕೆ ಹೆಸರಾದ ಆಸಾಮಿ. ಪೀಠದ ಸಹೋದ್ಯೋಗಿ ಬ್ರಾಂಡೈಸ್ ಅವರೊಡನೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರೆಂದು ಪ್ರತೀತಿ. ಭಿನ್ನಮತ ಕೊಟ್ಟ ಇಬ್ಬರಲ್ಲಿ ಒಬ್ಬರು, ವಾಕ್ ಸ್ವಾತಂತ್ರ್ಯದ ಹೆಸರು ಬಂದಾಗಲೆಲ್ಲ ಎಲ್ಲರೂ ನೆನೆಯುವ ಹೋಮ್ಸ್! ಇನ್ನೊಬ್ಬರು ಸದರ್ಲ್ಯಾಂಡ್. ಮೇಯರ್ ಕೇಸಿನ ವಾದ ನಡೆದ ಫೆಬ್ರವರಿ 23ಕ್ಕೆ ನಾಲ್ಕೇ ದಿನ ಮೊದಲು ಇದೇ ಸದರ್ಲ್ಯಾಂಡ್, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ 'ಬಿಳಿಯ' ಅಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹನಲ್ಲ ಎಂದು ತೀರ್ಪು ಬರೆದಿದ್ದರು. ಒಂದೇ ಕೋರ್ಟು, ಒಂದೇ ವರ್ಷ.

"ಹಾಗಾದರೆ ನಾವು ಯಾವ ಕಡೆ?" ಎಂದು ಹುಡುಗಿ ಕೇಳಿದಳು. ಮಂಗಳೂರಿನಲ್ಲಿ ಹುಟ್ಟಿದ ಒಬ್ಬಾಕೆಯ ಕಥೆ ಹೇಳಿದೆ. 1941ರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿದ್ದರು. ಬಿಳಿಯರ ಬೋಗಿಯಿಂದ ಎದ್ದುಹೋಗುವಂತೆ ಟಿಕೆಟ್ ಕಲೆಕ್ಟರ್ ಹೇಳಿದ, ಇವರು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನಿಗೆ ಅನುಮಾನ ಬಂತು, ಈಕೆ ಇಲ್ಲಿಯವಳಲ್ಲವೇನೋ ಎಂದು. ಯಾವ ದೇಶ ಎಂದು ಕೆದಕಿದ. ಇಂಡಿಯಾ ಎಂದಿದ್ದರೆ ಮುಗಿಯುತ್ತಿತ್ತು, ಪರದೇಶದವರಿಗೆ ರಿಯಾಯಿತಿ ಸಿಗುತ್ತಿತ್ತು. ಅವರು ಹಾಗೆನ್ನಲಿಲ್ಲ. ನಾನೂ ಬಣ್ಣದ ಹೆಂಗಸೇ, ಇಲ್ಲಿಂದ ಏಳುವುದಿಲ್ಲ ಎಂದರು. ಅವನು ಗೊಣಗಿಕೊಂಡು ಹೋದ. ತನಗೆ ಸಿಗಲಿದ್ದ 'ಹೊರತು' ಬೇಡವೆಂದ ಕಥೆ ನನಗೆ ಗೊತ್ತಿರುವುದು ಇದೊಂದೇ.

ತಾತನ ಹೆಸರಿನಲ್ಲೇ ಒಂದು 'ಹೊರತು' ಇತ್ತು ಎಂದು ಹೇಳಿದಾಗ ಅವಳು ನಂಬಲಿಲ್ಲ. 1890ರಲ್ಲಿ ಮಿಸಿಸಿಪ್ಪಿ ರಾಜ್ಯ, ಓಟು ಹಾಕಬೇಕಾದರೆ ರಾಜ್ಯದ ಸಂವಿಧಾನದ ಯಾವುದೇ ಭಾಗ ಓದಲು ಬರಬೇಕು ಎಂದಿತು. ಓದಕೂಡದು ಎಂದು ತಡೆದ ಸೀಮೆಯೇ ಈಗ ಓದು ಬಾರದವನಿಗೆ ಓಟಿಲ್ಲ ಎಂದಿತು. ಓದು ಬಾರದ ಬಿಳಿಯರು? ಅವರಿಗಾಗಿ, ಓದಿ ಹೇಳಿದ್ದನ್ನು ಅರ್ಥ ಮಾಡಿಕೊಂಡರೂ ಸಾಕು ಎಂದು ಸೇರಿಸಿದರು. ಅರ್ಥವಾಯಿತೋ ಇಲ್ಲವೋ ಎಂದು ಹೇಳುವವನು ಗುಮಾಸ್ತ. ಲೂಸಿಯಾನಾ 1898ರಲ್ಲಿ ಇನ್ನೂ ನೇರವಾಗಿ ಬರೆಯಿತು: 1867ರ ಜನವರಿ ಒಂದಕ್ಕೆ ಯಾರ ಅಪ್ಪನಿಗೋ ತಾತನಿಗೋ ಓಟಿತ್ತೋ ಅವರಿಗೆ ಪರೀಕ್ಷೆ ಇಲ್ಲ. ಆ ದಿನಕ್ಕೆ ಅಲ್ಲಿ ಕರಿಯರ ತಾತಂದಿರಿಗೆ ಓಟೇ ಇರಲಿಲ್ಲ. ಒಕ್ಲಹೋಮಾದ ಇಂಥದೇ 'ತಾತನ ಷರತ್ತ'ನ್ನು ಸುಪ್ರೀಂ ಕೋರ್ಟು 1915ರಲ್ಲಿ ಹೊಡೆದುಹಾಕಿತು. ಓದಿನ ಪರೀಕ್ಷೆ ಮಾತ್ರ 1965ರ ಮತಾಧಿಕಾರ ಕಾಯಿದೆಯವರೆಗೂ ಉಳಿಯಿತು.

ಆ ಪರೀಕ್ಷೆಗೆ ತಯಾರು ಮಾಡಲು ಸೌತ್ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ 1957ರ ಜನವರಿಯಲ್ಲಿ ಒಂದು ರಾತ್ರಿಶಾಲೆ ಶುರುವಾಯಿತು. ಮುಂದುಗಡೆ ದಿನಸಿ ಅಂಗಡಿ, ಹಿಂದಿನ ಕೋಣೆಯಲ್ಲಿ ಪಾಠ, ಬಿಳಿಯರ ಕಣ್ಣಿಗೆ ಬೀಳದಿರಲೆಂದು. ಯೋಜನೆ ಸೆಪ್ಟಿಮಾ ಕ್ಲಾರ್ಕ್ ಅವರದು. ಕರಿಯರ ಹಕ್ಕಿನ ಸಂಘಟನೆಯ ಸದಸ್ಯರು ಸರ್ಕಾರಿ ನೌಕರಿಯಲ್ಲಿ ಇರಕೂಡದು ಎಂದು ರಾಜ್ಯ ಕಾನೂನು ಮಾಡಿದಾಗ, ಸದಸ್ಯತ್ವ ಬಿಡದೆ 1956ರಲ್ಲಿ ನಲವತ್ತು ವರ್ಷದ ಮೇಷ್ಟ್ರ ಕೆಲಸ ಕಳೆದುಕೊಂಡಿದ್ದವರು. ಕಲಿಸಿದವರು ಬರ್ನೀಸ್ ರಾಬಿನ್ಸನ್, ವೃತ್ತಿಯಲ್ಲಿ ತಲೆಗೂದಲು ಬಾಚಿ ಸಿಂಗರಿಸುವ ಕೆಲಸ. ನಾನು ಟೀಚರಲ್ಲ ಎಂದು ಹೇಳಿಯೇ ಶುರು ಮಾಡಿದರು. ಮೊದಲು ಕಲಿಸಿದ್ದು ಸಹಿ ಹಾಕುವುದು, ಮನಿಯಾರ್ಡರ್ ಫಾರಂ ತುಂಬುವುದು. ಸಂವಿಧಾನದ ಕಲಮುಗಳು ಆಮೇಲೆ.

ರಾತ್ರಿ ಹತ್ತಾಗಿತ್ತು. ಟೀಚರು ಯಾಕೆ ಏನೂ ವಿವರಿಸದೆ ಬರೀ ಮೂಲ ಪಠ್ಯ ಕೊಟ್ಟು ಕಳಿಸಿದ್ದಾರೆ ಎಂದು ನಾನು ಮಗಳನ್ನು ಕೇಳಿದೆ. "ಇಲ್ಲಿ ಅವರಿಗೂ ಕಷ್ಟ ಅಪ್ಪ" ಎಂದಳು. ಟೆಕ್ಸಾಸ್ 2021ರಲ್ಲಿ ಒಂದು ಕಾನೂನು ತಂದಿದೆ. ವಿವಾದದ ವಿಷಯ ಚರ್ಚಿಸುವಂತೆ ಯಾವ ಶಿಕ್ಷಕರನ್ನೂ ಒತ್ತಾಯಿಸುವಂತಿಲ್ಲ, ಚರ್ಚಿಸಿದರೆ ರಾಜಕೀಯ ಪಕ್ಷಪಾತ ಸುಳಿಯಬಾರದು, ಶಾಸಕರನ್ನು ಕಂಡು ಒತ್ತಾಯ ಮಾಡಿ ಬಂದ ಮಕ್ಕಳಿಗೆ ಅಂಕ ಕೊಡುವಂತಿಲ್ಲ. ಕಾನೂನಿನ ಸಮರ್ಥಕರು ಮಕ್ಕಳ ತಲೆಗೆ ಸಿದ್ಧಾಂತ ತುಂಬುವುದನ್ನು ತಡೆಯಲು ಇದು ಎನ್ನುತ್ತಾರೆ. ಇರಬಹುದು. ಪಕ್ಷಪಾತ ಯಾವುದೆಂದು ಹೇಳುವವರು ಯಾರು ಎಂಬಲ್ಲಿ ನನಗೆ ಮಿಸಿಸಿಪ್ಪಿಯ ಗುಮಾಸ್ತ ನೆನಪಾಗುತ್ತಾನೆ. ಹೇಗೂ ಆ ಟೀಚರು ಜಾಣೆ. ಮೂಲ ಪಠ್ಯಕ್ಕೆ ಪಕ್ಷಪಾತದ ಆರೋಪ ಹೊರಿಸಲು ಬರುವುದಿಲ್ಲ.

ಮಲಗುವ ಮುಂಚೆ ಹುಡುಗಿ ಸ್ಕೇಲು ತಂದು ಹಾಳೆಯಲ್ಲಿ ಮೂರನೇ ಕಾಲಂ ಎಳೆದಳು. ತಲೆಬರಹ: ಯಾರನ್ನು, ಏನನ್ನು ಬಿಟ್ಟರು? ಅದರ ಕೆಳಗೆ 'ಅಂಕಿ' ಎಂದು ಬರೆದಳು. ಇಂಗ್ಲಿಷಿನಲ್ಲೇ.

ಊರಿನಲ್ಲಿ ಈಗ ಸಮಾಜ ಪಾಠ ಮಾಡುತ್ತಿರುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನನ್ನದೊಂದು ಕೇಳಿಕೆ. ಮೂಲಭೂತ ಹಕ್ಕುಗಳ ಪಾಠ ಬಂದಾಗ ಒಂದೇ ಒಂದು ಪೀರಿಯಡ್ ನೋಟ್ಸು ಬಿಡಿ. ಸಂವಿಧಾನದ ಕನ್ನಡ ಪ್ರತಿಯಿಂದ 19ನೇ ವಿಧಿಯನ್ನು ಪೂರ್ತಿ ಜೆರಾಕ್ಸ್ ಮಾಡಿಸಿ ಹಂಚಿ. ಹಕ್ಕಿನ ಕೆಳಗಿರುವ ನಿರ್ಬಂಧಗಳಿಗೆಲ್ಲ ಮಕ್ಕಳೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಲಿ. ಪ್ರಶ್ನೆ ಅವರೇ ಕೇಳುತ್ತಾರೆ.